ರಾತ್ರಿ ಎಂಟೂವರೆಯ ಫುಟ್‌ಬಾಲ್

2024ರ ನವೆಂಬರ್ 30, ಶನಿವಾರ. ಬ್ಯೂನಸ್ ಐರಿಸ್‌ನ ಮೊನುಮೆಂತಾಲ್ ಕ್ರೀಡಾಂಗಣದಲ್ಲಿ ದಕ್ಷಿಣ ಅಮೆರಿಕದ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿಯಾದ ಕೊಪಾ ಲಿಬೆರ್ತದೋರೆಸ್ ಫೈನಲ್ ಶುರುವಾದದ್ದು ಅಲ್ಲಿನ ಸಂಜೆ 5ಕ್ಕೆ. ‘ಬ್ಯೂನಸ್ ಐರಿಸ್ ನಮಗಿಂತ ಒಂದು ಗಂಟೆ ಮುಂದೆ’ ಅಂತ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ವಾರವಾರವೂ ಲೆಕ್ಕ ಹಾಕಿ ಅಭ್ಯಾಸವಾದ ನ್ಯೂಯಾರ್ಕ್‌ನ ಅಭಿಮಾನಿ ಅವತ್ತೂ ಅದೇ ಲೆಕ್ಕದಲ್ಲಿ 4 ಗಂಟೆಗೆ ಟಿವಿ ಹಾಕಿದ್ದರೆ ಅವನಿಗೆ ಸಿಕ್ಕಿದ್ದು ವಿರಾಮದ ಜಾಹೀರಾತು. ಅಷ್ಟರಲ್ಲಿ ಬ್ರೆಜಿಲ್‌ನ ಕ್ಲಬ್ ಬೊಟಾಫೊಗೊದ ಗ್ರೆಗೊರೆ ಎದುರಾಳಿಯ ತಲೆಗೆ ಬೂಟು ತಾಗಿಸಿ, ಪಂದ್ಯದ ಮೊದಲ ನಿಮಿಷದಲ್ಲೇ ಕೆಂಪು ಕಾರ್ಡ್ ಪಡೆದು ಹೊರನಡೆದಾಗಿತ್ತು. ಹತ್ತೇ ಜನ ಉಳಿದ ಬೊಟಾಫೊಗೊ ಎರಡು ಗೋಲು ಹೊಡೆದು ಮುಂದಿತ್ತು. ಕೊನೆಗೆ ಅಟ್ಲೆಟಿಕೊ ಮಿನೇರೊ ವಿರುದ್ಧ 3-1ರಿಂದ ಗೆದ್ದಿತು. ಲಿಬೆರ್ತದೋರೆಸ್‌ನ ಚರಿತ್ರೆಯಲ್ಲೇ ಅಪರೂಪದ ಆ ಮೊದಲರ್ಧ ಕೈತಪ್ಪಿದ್ದಕ್ಕೆ ಕಾರಣ ಇಷ್ಟೇ: ನವೆಂಬರ್ ಮೊದಲ ಭಾನುವಾರ ಅಮೆರಿಕ ತನ್ನ ಗಡಿಯಾರವನ್ನು ಒಂದು ಗಂಟೆ ಹಿಂದೆ ತಿರುಗಿಸುತ್ತದೆ, ಅರ್ಜೆಂಟೀನಾ ತಿರುಗಿಸುವುದಿಲ್ಲ.

ಅಮೆರಿಕದಲ್ಲಿ ಕೂತು ದಕ್ಷಿಣ ಅಮೆರಿಕದ ಕ್ಲಬ್ ಫುಟ್‌ಬಾಲ್ ಹಿಂಬಾಲಿಸುವವರಿಗೆ ಮೊದಲ ಪಾಠವೂ ಗಡಿಯಾರದ್ದೇ, ಮೊದಲ ಸುಖವೂ ಗಡಿಯಾರದ್ದೇ. ಯುರೋಪಿನ ಫುಟ್‌ಬಾಲ್ ಬೇಕೆಂದರೆ ಕ್ಯಾಲಿಫೋರ್ನಿಯಾದವರು ಶನಿವಾರ ಕೋಳಿ ಕೂಗುವ ಮೊದಲೇ ಏಳಬೇಕು, ಚಾಂಪಿಯನ್ಸ್ ಲೀಗ್ ಬೇಕೆಂದರೆ ಆಫೀಸಿನ ನಡುಮಧ್ಯಾಹ್ನ ಮೀಟಿಂಗಿಗೆ ಚಕ್ಕರ್ ಹೊಡೆಯಬೇಕು. ಲಿಬೆರ್ತದೋರೆಸ್ ಹಾಗಲ್ಲ. ಬ್ಯೂನಸ್ ಐರಿಸ್, ಸಾವೊ ಪಾಲೊಗಳಲ್ಲಿ ವಾರದ ಮಧ್ಯದ ದೊಡ್ಡ ಪಂದ್ಯ ಶುರುವಾಗುವುದು ರಾತ್ರಿ 9:30ಕ್ಕೆ. ನ್ಯೂಜೆರ್ಸಿಯಲ್ಲಿ ಆಗ 8:30. ಊಟ ಮುಗಿದಿರುತ್ತದೆ, ಮಕ್ಕಳು ಮಲಗುವ ಹೊತ್ತು. ಅದೇ ಕ್ಷಣ ಬೆಂಗಳೂರಿನಲ್ಲಿ ಮರುದಿನ ಬೆಳಗಿನ 6 ಗಂಟೆ, ಮೊದಲ ಲೋಟ ಕಾಫಿಯ ಹೊತ್ತು. ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಅಣ್ಣ, ಜಯನಗರದಲ್ಲಿರುವ ತಮ್ಮ ಇಬ್ಬರೂ ನಿದ್ದೆಗೆಡದೆ ಒಟ್ಟಿಗೆ ನೋಡಬಹುದಾದ ದೊಡ್ಡ ಫುಟ್‌ಬಾಲ್ ಬಹುಶಃ ಇದೊಂದೇ.

ಲೆಕ್ಕ ಬರೆದಿಟ್ಟುಕೊಳ್ಳಿ. ಅರ್ಜೆಂಟೀನಾ, ಉರುಗ್ವೆ, ಬ್ರೆಜಿಲ್‌ನ ಪ್ರಮುಖ ನಗರಗಳು ವರ್ಷಪೂರ್ತಿ ಗ್ರೀನಿಚ್‌ಗಿಂತ 3 ಗಂಟೆ ಹಿಂದೆ. ಬ್ರೆಜಿಲ್ 2019ರಲ್ಲಿ ಬೇಸಿಗೆ ಗಡಿಯಾರವನ್ನು ಕೈಬಿಟ್ಟಿತು, ಪರಗ್ವೆ 2024ರ ಅಕ್ಟೋಬರ್‌ನಿಂದ ಇದೇ ಸಮಯಕ್ಕೆ ಕಾಯಂ ಆಗಿ ಬಂತು. ಹಾಗಾಗಿ ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ನ್ಯೂಯಾರ್ಕ್‌ಗೆ ಒಂದು ಗಂಟೆ ವ್ಯತ್ಯಾಸ, ಉಳಿದ ತಿಂಗಳಲ್ಲಿ ಎರಡು. ಪಶ್ಚಿಮ ಕರಾವಳಿಗೆ ನಾಲ್ಕು ಮತ್ತು ಐದು. ಬೊಗೊಟಾ, ಲಿಮಾ, ಕಿಟೊಗಳು ಗ್ರೀನಿಚ್‌ಗಿಂತ 5 ಗಂಟೆ ಹಿಂದೆ. ಚಳಿಗಾಲದಲ್ಲಿ ನ್ಯೂಯಾರ್ಕ್ ಸಮಯವೇ ಅವುಗಳದ್ದೂ. ತಲೆನೋವು ಚಿಲಿಯದ್ದು. ಅದು ಗಡಿಯಾರ ತಿರುಗಿಸುತ್ತದೆ, ಆದರೆ ದಕ್ಷಿಣಾರ್ಧಗೋಳದ ಋತುವಿಗೆ ತಕ್ಕಂತೆ, ಅಂದರೆ ಅಮೆರಿಕಕ್ಕೆ ಉಲ್ಟಾ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಸಾಂತಿಯಾಗೊ ಮತ್ತು ನ್ಯೂಯಾರ್ಕ್ ಒಂದೇ ಸಮಯ. ಸೆಪ್ಟೆಂಬರ್‌ನಲ್ಲಿ ಚಿಲಿ ಒಂದು ಗಂಟೆ ಮುಂದೆ ಹೋಗುತ್ತದೆ, ನವೆಂಬರ್‌ನಲ್ಲಿ ಎರಡು. ಇನ್ನೊಂದು ಎಚ್ಚರ: ಲಿಮಾದಲ್ಲಿ 7:30ಕ್ಕೆ ನಡೆಯುವ ಪಂದ್ಯವನ್ನು ಅರ್ಜೆಂಟೀನಾದ ಪತ್ರಿಕೆ ತನ್ನ ಸಮಯದಲ್ಲಿ 21:30 ಎಂದು ಅಚ್ಚು ಹಾಕುತ್ತದೆ. ಪಂದ್ಯ ಯಾವ ಊರಿನದ್ದು ಅನ್ನುವುದಕ್ಕಿಂತ ಪಟ್ಟಿ ಯಾವ ಊರಿನದ್ದು ಅಂತ ಮೊದಲು ನೋಡಬೇಕು.

ಗಡಿಯಾರ ಇಷ್ಟು ಹತ್ತಿರವಿದ್ದರೂ ಈ ಫುಟ್‌ಬಾಲ್ ಅಮೆರಿಕನ್ನರಿಗೆ ದೂರವೇ ಉಳಿದಿದೆ. ಭಾಷೆಯೊಂದೇ ಅದಕ್ಕೆ ಕಾರಣವಲ್ಲ. ಇಂಗ್ಲಿಷ್ ಪ್ರೀಮಿಯರ್ ಲೀಗ್ ಹೊರಗಿನವರಿಗೆ ಮಾರಲೆಂದೇ ಪ್ಯಾಕ್ ಆಗಿ ಬರುತ್ತದೆ. ದಕ್ಷಿಣ ಅಮೆರಿಕದ ಲೀಗ್‌ಗಳು ತಮ್ಮ ಮನೆಯವರಿಗಾಗಿ, ತಮ್ಮ ಮನೆಯ ಜಗಳಗಳಿಗಾಗಿ ನಡೆಯುತ್ತವೆ. ಅಂಗಳಕ್ಕೆ ಬಂದವರನ್ನು ಯಾರೂ ಓಡಿಸುವುದಿಲ್ಲ, ಆದರೆ ಮಣೆ ಹಾಕಿ ಕೂರಿಸುವವರೂ ಇಲ್ಲ.

ಟಿವಿಯ ವಿಷಯವನ್ನು ಬೇಗ ಮುಗಿಸುತ್ತೇನೆ. ಲಿಬೆರ್ತದೋರೆಸ್ ಮತ್ತು ಅದರ ತಮ್ಮನಂತಿರುವ ಸುದಾಮೆರಿಕಾನಾ ಎರಡೂ 2019ರಿಂದ ಅಮೆರಿಕದಲ್ಲಿ ಬೀಇನ್ ಸ್ಪೋರ್ಟ್ಸ್ ಕೈಯಲ್ಲಿವೆ; ಅದಕ್ಕೂ ಮೊದಲು ಫಾಕ್ಸ್‌ನಲ್ಲಿದ್ದವು. ದೇಶೀಯ ಲೀಗ್‌ಗಳ ಹಕ್ಕು ಮಾತ್ರ ಕೈಯಿಂದ ಕೈಗೆ ಓಡಾಡುತ್ತಲೇ ಇರುತ್ತದೆ. ಆದ್ದರಿಂದ ವರ್ಷದ ಚಂದಾ ಕಟ್ಟುವುದು ಜಾಣತನವಲ್ಲ. ತಿಂಗಳ ಲೆಕ್ಕದಲ್ಲಿ ಕಟ್ಟಿ, ಜನವರಿಯಲ್ಲಿ ಹೊಸ ಪಟ್ಟಿ ನೋಡಿ, ಬೇಡವಾದದ್ದನ್ನು ಬಿಡಿ. ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡೂ ಇದ್ದರೆ ಸ್ಪ್ಯಾನಿಷ್ ಆರಿಸಿ, ಅರ್ಥವಾಗದಿದ್ದರೂ. ಕಿವಿಗೆ ಆಟಗಾರರ ಹೆಸರಿನ ಸರಿಯಾದ ಉಚ್ಚಾರಣೆ ಬೀಳುತ್ತದೆ. ಬ್ಯೂನಸ್ ಐರಿಸ್‌ನ ರೇಡಿಯೊ ವೀಕ್ಷಕ ವಿವರಣೆಯನ್ನು ಟಿವಿ ಚಿತ್ರಕ್ಕೆ ಜೋಡಿಸುವ ಹುಚ್ಚು ಹಲವರಿಗಿದೆ. ಎರಡೂ ಇಂಟರ್‌ನೆಟ್‌ನಲ್ಲಿ ಬೇರೆ ಬೇರೆ ವೇಗದಲ್ಲಿ ಬರುತ್ತವೆ. ಮುಂದಿರುವುದನ್ನು ತುಸು ನಿಲ್ಲಿಸಿ (ಪಾಜ್ ಮಾಡಿ), ಆರಂಭದ ಸೀಟಿಗೆ ಸರಿಹೊಂದಿಸಿ ಬಿಡಬೇಕು. ಫೋನ್ ನೋಟಿಫಿಕೇಶನ್‌ಗಳನ್ನು ಮುಚ್ಚದಿದ್ದರೆ ಗೋಲು ಪರದೆಗಿಂತ ಅರ್ಧ ನಿಮಿಷ ಮೊದಲೇ ಜೇಬಿನಲ್ಲಿ ನಡುಗುತ್ತದೆ.

ಇನ್ನು ಟೂರ್ನಿ. 1960ರಲ್ಲಿ ಶುರುವಾದ ಲಿಬೆರ್ತದೋರೆಸ್‌ನ ಮೊದಲ ಚಾಂಪಿಯನ್ ಉರುಗ್ವೆಯ ಪೆನ್ಯಾರೋಲ್. ಅತಿ ಹೆಚ್ಚು ಸಲ, ಏಳು ಬಾರಿ, ಗೆದ್ದದ್ದು ಅರ್ಜೆಂಟೀನಾದ ಇಂಡಿಪೆಂದಿಯೆಂತೆ. ಈಗ 47 ತಂಡ. ಫೆಬ್ರವರಿಯಲ್ಲಿ ನೇರ ಪ್ರವೇಶ ಸಿಗದ ತಂಡಗಳು ಆರಂಭಿಕ ಸುತ್ತುಗಳಲ್ಲಿ ಬಡಿದಾಡುತ್ತವೆ. ಏಪ್ರಿಲ್‌ನಲ್ಲಿ 32 ತಂಡಗಳ ಗುಂಪು ಹಂತ, ಆಗಸ್ಟ್‌ನಿಂದ ನಾಕೌಟ್, ನವೆಂಬರ್ ಕೊನೆಗೆ ಫೈನಲ್. ಗುಂಪಿನಲ್ಲಿ ಮೂರನೆಯದಾದ ತಂಡ ಮನೆಗೆ ಹೋಗುವುದಿಲ್ಲ, ಸುದಾಮೆರಿಕಾನಾಕ್ಕೆ ಇಳಿದು ಅಲ್ಲಿನ ಗುಂಪಿನ ಎರಡನೆಯವರ ಜೊತೆ ಸೆಣಸುತ್ತದೆ. ಕೊನೆಯ ಸುತ್ತಿನ ರಾತ್ರಿ ಎರಡು ಗೋಲು ಹಿಂದಿರುವ ತಂಡ ಇನ್ನೂ ಜೀವ ಬಿಟ್ಟು ಓಡುತ್ತಿದ್ದರೆ ಆ ಮೂರನೆಯ ಸ್ಥಾನಕ್ಕಾಗಿಯೇ ಇರಬಹುದು. ಮೊದಲ ಬಾರಿಗೆ ನೋಡುವವರು ಬೆಚ್ಚುವ ಇನ್ನೊಂದು ನಿಯಮ: ಫೈನಲ್ ಹೊರತು ಎಲ್ಲಿಯೂ ಹೆಚ್ಚುವರಿ ಸಮಯವಿಲ್ಲ. ಎರಡು ಪಂದ್ಯಗಳ ಒಟ್ಟು ಗೋಲು ಸಮವಾದರೆ 90 ನಿಮಿಷ ಮುಗಿದ ಕೂಡಲೇ ಪೆನಾಲ್ಟಿ. ಎದುರಾಳಿಯ ಮೈದಾನದ ಗೋಲಿಗೆ ಹೆಚ್ಚು ಬೆಲೆ ಕೊಡುವ ಹಳೆಯ ನಿಯಮವನ್ನೂ 2022ರಿಂದ ಕೈಬಿಟ್ಟಿದ್ದಾರೆ. ಹಾಗಾಗಿ ರಾತ್ರಿ 8:30ರ ಪಂದ್ಯ, ಪೆನಾಲ್ಟಿ ಸೇರಿದರೂ, 11ರೊಳಗೆ ಮುಗಿದೇ ಮುಗಿಯುತ್ತದೆ. ಬೆಳಿಗ್ಗೆ ಕೆಲಸವಿರುವವರಿಗೆ ಇದಕ್ಕಿಂತ ದಯಾಳು ನಿಯಮ ಇನ್ನೊಂದಿಲ್ಲ.

ಅಸಲಿ ಪರೀಕ್ಷೆ ಇರುವುದು ಅರ್ಜೆಂಟೀನಾದ ಲೀಗ್‌ನಲ್ಲಿ. ಅದರ ಮೇಲ್ಮೈ ಅಮೆರಿಕನ್ನರಿಗೆ ಅಚ್ಚರಿ ಆಗುವಷ್ಟು ಪರಿಚಿತ. 2025ರಲ್ಲಿ 30 ತಂಡ, 15ರಂತೆ ಎರಡು ವಲಯ, ಥೇಟ್ ಅಮೆರಿಕದ ಫುಟ್‌ಬಾಲ್ ಲೀಗ್ ಎಂಎಲ್‌ಎಸ್‌ನ ಈಸ್ಟ್–ವೆಸ್ಟ್ ಹಾಗೆ. ವರ್ಷಕ್ಕೆ ಎರಡು ಟೂರ್ನಿ, ಅಪೆರ್ತುರಾ ಮತ್ತು ಕ್ಲೌಸುರಾ. ಪ್ರತಿಯೊಂದರಲ್ಲೂ ತಂಡಕ್ಕೆ 16 ಪಂದ್ಯ: ತನ್ನ ವಲಯದವರ ಜೊತೆ 14, ಇನ್ನೊಂದು ವಲಯದವರ ಜೊತೆ 2. ಆ ಎರಡರಲ್ಲಿ ಒಂದು ಕ್ಲಾಸಿಕೊ, ಅಂದರೆ ಸಾಂಪ್ರದಾಯಿಕ ವೈರಿಯ ಜೊತೆಗಿನ ಪಂದ್ಯ. ವಲಯದ ಮೊದಲ ಎಂಟು ತಂಡಗಳಿಗೆ ಪ್ಲೇಆಫ್, ಒಂದೇ ಪಂದ್ಯದ ನಾಕೌಟ್. 2025ರ ಅಪೆರ್ತುರಾವನ್ನು ಗೆದ್ದದ್ದು 1905ರಲ್ಲಿ ಹುಟ್ಟಿದ ಪುಟ್ಟ ಕ್ಲಬ್ ಪ್ಲಾಟೆನ್ಸೆ, 120 ವರ್ಷದಲ್ಲಿ ಮೊದಲ ಪ್ರಶಸ್ತಿ. ರೇಸಿಂಗ್, ರಿವರ್ ಪ್ಲೇಟ್, ಸಾನ್ ಲೊರೆನ್ಸೊ ಮೂವರನ್ನೂ ಅವರವರ ಮನೆಯಂಗಳದಲ್ಲೇ ಹೊರಹಾಕಿ, ಫೈನಲ್‌ನಲ್ಲಿ ಉರಕಾನ್ ತಂಡವನ್ನು 1-0ರಿಂದ ಸೋಲಿಸಿತು. ಪ್ಲೇಆಫ್ ಅನ್ನುವುದು ಅನ್ಯಾಯದ ಪದ್ಧತಿ ಎಂದು ವಾದಿಸುವವರ ಬಾಯಿಯನ್ನು ಪ್ಲಾಟೆನ್ಸೆ ಒಂದು ಸಂಜೆಯ ಮಟ್ಟಿಗೆ ಮುಚ್ಚಿಸಿತು.

ಮೇಲ್ಮೈ ಕೆಳಗೆ ಇರುವುದು ‘ಪ್ರೊಮೆದಿಯೊ’. ಸರಾಸರಿ ಎಂದರ್ಥ. 1983ರಿಂದ ಅರ್ಜೆಂಟೀನಾದಲ್ಲಿ ಹಿಂಬಡ್ತಿಯನ್ನು ತೀರ್ಮಾನಿಸುವುದರಲ್ಲಿ ಇದರದ್ದೇ ಕೈ. ಒಂದು ವರ್ಷದ ಅಂಕಪಟ್ಟಿ ಸಾಲದು. ಕಳೆದ ಮೂರು ಋತುಗಳಲ್ಲಿ ಗಳಿಸಿದ ಅಂಕವನ್ನು ಆಡಿದ ಪಂದ್ಯಗಳಿಂದ ಭಾಗಿಸಿ, ತೀರಾ ಕಡಿಮೆ ಬಂದವರನ್ನು ಕೆಳಗಿನ ಡಿವಿಷನ್‌ಗೆ ತಳ್ಳುತ್ತಾರೆ. 2025ರಲ್ಲಿ ಇಬ್ಬರಿಗೆ ಹಿಂಬಡ್ತಿ, ಒಬ್ಬರು ಪ್ರೊಮೆದಿಯೊದಿಂದ, ಇನ್ನೊಬ್ಬರು ಆ ವರ್ಷದ ಒಟ್ಟು ಪಟ್ಟಿಯಿಂದ. ಕೈಯಲ್ಲಿ ಕ್ಯಾಲ್ಕುಲೇಟರ್ ಹಿಡಿದು ಒಮ್ಮೆ ಮಾಡಿ ನೋಡಿದರೆ ಮಾತ್ರ ಇದರ ರುಚಿ ಗೊತ್ತಾಗುತ್ತದೆ.

ಮೂರೂ ವರ್ಷ ಮೇಲಿನ ಡಿವಿಷನ್‌ನಲ್ಲೇ ಇದ್ದ ತಂಡವೊಂದು ಕೊನೆಯ ಪಂದ್ಯಕ್ಕೆ ಮೊದಲು 113 ಪಂದ್ಯಗಳಲ್ಲಿ 125 ಅಂಕ ಗಳಿಸಿದೆ ಅನ್ನಿ. ಸರಾಸರಿ 1.106. ಈ ವರ್ಷವಷ್ಟೇ ಬಡ್ತಿ ಪಡೆದು ಬಂದ ತಂಡ 31 ಪಂದ್ಯಗಳಲ್ಲಿ 36 ಅಂಕ ಗಳಿಸಿದೆ. ಸರಾಸರಿ 1.161. ಹೊಸಬರು ಮುಂದೆ. ಈಗ ಇಬ್ಬರೂ ಮುಂದಿನ ಪಂದ್ಯ ಸೋತರೆ? ಹಳೆಯ ತಂಡ 125ನ್ನು 114ರಿಂದ ಭಾಗಿಸಿ 1.096ಕ್ಕೆ ಇಳಿಯುತ್ತದೆ, ಅಂದರೆ 0.010ರಷ್ಟು ಸವೆತ. ಹೊಸ ತಂಡ 36ನ್ನು 32ರಿಂದ ಭಾಗಿಸಿ 1.125ಕ್ಕೆ ಬೀಳುತ್ತದೆ, 0.036ರ ಪೆಟ್ಟು. ಒಂದೇ ಸೋಲಿಗೆ ಸುಮಾರು ನಾಲ್ಕು ಪಟ್ಟು ದಂಡ. ಗೆದ್ದರೆ ಲಾಭವೂ ಹಾಗೇ: ಹಳಬರು 1.123ಕ್ಕೆ ಏರಿದರೆ ಹೊಸಬರು 1.219ಕ್ಕೆ ಜಿಗಿಯುತ್ತಾರೆ. ಹೊಸಬನ ಸರಾಸರಿ ಖಾಲಿ ಬಂಡಿಯಂತೆ, ಸಣ್ಣ ಗುಂಡಿಗೂ ಎತ್ತರಕ್ಕೆ ಎಗರುತ್ತದೆ. ಹಳಬನದ್ದು ಹುಲ್ಲು ತುಂಬಿದ ಬಂಡಿ. ಅಲುಗುವುದೂ ನಿಧಾನ, ಹೂತರೆ ಎತ್ತುವುದೂ ಕಷ್ಟ.

ಹೂತುಹೋದ ಬಂಡಿಗೆ ಎಲ್ಲರೂ ಕೊಡುವ ಉದಾಹರಣೆ ರಿವರ್ ಪ್ಲೇಟ್. 2011ರ ಜೂನ್ 26ರಂದು ಆ ಮಹಾ ಕ್ಲಬ್ ಎರಡನೇ ಡಿವಿಷನ್‌ಗೆ ಬಿದ್ದಿತು. ಸರಾಸರಿ ಕುಸಿದು, ಕೆಳಗಿನ ಡಿವಿಷನ್‌ನ ಬೆಲ್‌ಗ್ರಾನೊ ಜೊತೆ ಉಳಿವಿಗಾಗಿ ಎರಡು ಪಂದ್ಯ ಆಡಬೇಕಾಗಿ ಬಂದಿತ್ತು: ಕೊರ್ದೊಬಾದಲ್ಲಿ 0-2, ನಾಲ್ಕು ದಿನದ ನಂತರ ತನ್ನ ಮನೆಯಲ್ಲಿ 1-1. ಆದರೆ ಆ ಋತುವಿನ ಪಟ್ಟಿ ತೆರೆದರೆ ರಿವರ್ ಅಷ್ಟೇನೂ ಕೆಟ್ಟದಾಗಿ ಆಡಿರಲಿಲ್ಲ: ಅಪೆರ್ತುರಾದಲ್ಲಿ ನಾಲ್ಕನೆಯದು, ಕ್ಲೌಸುರಾದಲ್ಲಿ ಒಂಬತ್ತನೆಯದು. ವಿಷ ಬೆರೆತದ್ದು 2008ರ ಅಪೆರ್ತುರಾದಲ್ಲಿ. ಅದರಲ್ಲಿ ರಿವರ್ ಕಟ್ಟಕಡೆಯ ಸ್ಥಾನ ಪಡೆದಿತ್ತು, ಮತ್ತು ಆ ಅಂಕಗಳು ಮೂರು ವರ್ಷದ ಲೆಕ್ಕದೊಳಗೆ ಕೂತಿದ್ದವು. ಅದಕ್ಕೆ ಕೆಲವೇ ತಿಂಗಳ ಮೊದಲು, 2008ರ ಮಧ್ಯದಲ್ಲಿ, ಇದೇ ರಿವರ್ ಚಾಂಪಿಯನ್ ಆಗಿತ್ತು. ಆ ಅಂಕಗಳು ಮಾತ್ರ ಹಿಂದಿನ ಋತುವಿಗೆ ಸೇರಿ ಲೆಕ್ಕದಿಂದ ಹೊರಗುಳಿದವು. ಗೆದ್ದದ್ದು ಮರೆತುಹೋಯಿತು, ಸೋತದ್ದು ಬಡ್ಡಿ ಸಮೇತ ಬಂತು.

ಹಿಂಬಡ್ತಿಯೇ ಇಲ್ಲದ ಎಂಎಲ್‌ಎಸ್ ನೋಡಿ ಬೆಳೆದ ಅಭಿಮಾನಿಗೆ ಆಗಸ್ಟ್‌ನ ಒಂದು ಸಾದಾ ಸೋಮವಾರ ರಾತ್ರಿ 20ನೇ ಸ್ಥಾನದ ತಂಡ 24ನೇ ಸ್ಥಾನದ ತಂಡದ ಜೊತೆ ಆಡುವುದನ್ನು ಯಾಕೆ ನೋಡಬೇಕು ಎಂಬುದಕ್ಕೆ ಉತ್ತರ ಈ ಭಾಗಾಕಾರದಲ್ಲಿದೆ. ಪಟ್ಟಿಯನ್ನು ಮುದ್ರಿಸಿ ಗೋಡೆಗೆ ಅಂಟಿಸಿಕೊಳ್ಳಿ ಅಂತ ಮಾತ್ರ ಹೇಳಲಾರೆ, ಯಾಕೆಂದರೆ ನಿಯಮವೇ ನಿಲ್ಲುವುದಿಲ್ಲ. 2024ರಲ್ಲಿ ಟೂರ್ನಿ ನಡೆಯುತ್ತಿರುವಾಗಲೇ ಫೆಡರೇಶನ್ ಸಭೆ ಸೇರಿ ಆ ವರ್ಷದ ಹಿಂಬಡ್ತಿಯನ್ನೇ ರದ್ದು ಮಾಡಿತು; 28 ತಂಡಗಳ ಲೀಗ್ 30 ಆದದ್ದು ಹಾಗೆ. 2025ರ ನವೆಂಬರ್‌ನಲ್ಲಿ ವರ್ಷದ ಒಟ್ಟು ಪಟ್ಟಿಯಲ್ಲಿ ಮೊದಲಿದ್ದ ರೊಸಾರಿಯೊ ಸೆಂತ್ರಾಲ್‌ಗೆ, ಋತು ಶುರುವಾದಾಗ ಇಲ್ಲದಿದ್ದ ಒಂದು ‘ಲೀಗ್ ಚಾಂಪಿಯನ್’ ಪ್ರಶಸ್ತಿಯನ್ನು ಮೇಜಿನ ಮೇಲೆ ಸೃಷ್ಟಿಸಿ ಕೊಟ್ಟರು. ಮುಂದಿನ ಪಂದ್ಯದಲ್ಲಿ ಎಸ್ತುದಿಯಾಂತೆಸ್ ಆಟಗಾರರು ಸಾಲಾಗಿ ನಿಂತು ಚಾಂಪಿಯನ್ನರಿಗೆ ಗೌರವ ಸಲ್ಲಿಸಬೇಕಿತ್ತು. ಸಾಲಾಗಿ ನಿಂತರು ನಿಜ, ಬೆನ್ನು ತಿರುಗಿಸಿ. ಆ ಪಂದ್ಯವನ್ನೂ ಗೆದ್ದು, ಡಿಸೆಂಬರ್‌ನಲ್ಲಿ ಕ್ಲೌಸುರಾವನ್ನೂ ಗೆದ್ದರು. ಇಂಥ ಲೀಗ್‌ನ ವೇಳಾಪಟ್ಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಬೇಕು.

ಅಂದಹಾಗೆ ಅರ್ಜೆಂಟೀನಾದವರು ವೇಳಾಪಟ್ಟಿಗೆ ‘ಫಿಕ್ಸ್‌ಚರ್’ ಅನ್ನುತ್ತಾರೆ, ಆಫ್‌ಸೈಡ್‌ಗೆ ‘ಒರ್ಸಾಯ್’. ಬ್ರಿಟಿಷ್ ರೈಲ್ವೆಯವರು, ಶಾಲಾ ಮೇಷ್ಟರು ಬಿಟ್ಟುಹೋದ ಪದಗಳು ಸ್ಪ್ಯಾನಿಷ್ ನಾಲಗೆಯಲ್ಲಿ ಉರುಳಿ, ನಮ್ಮ ಹಳ್ಳಿಯ ಬಾಯಲ್ಲಿ ಸ್ಟೇಷನ್ನು ‘ಟೇಸನ್ನು’ ಆದ ಹಾಗೆ ಆಗಿವೆ. ಹತ್ತು ಹದಿನೈದು ಪದ ಕಲಿತರೆ ಪತ್ರಿಕೆಯ ತಲೆಬರಹ ತೆರೆದುಕೊಳ್ಳುತ್ತದೆ: ‘ದೆಸೆನ್ಸೊ’ ಹಿಂಬಡ್ತಿ, ‘ಲೊಕಾಲ್’ ಆತಿಥೇಯ, ‘ವಿಸಿತಾಂತೆ’ ಹೊರಗಿನ ತಂಡ, ‘ಸುಸ್ಪೆಂದಿದೊ’ ಎಂದಿದ್ದರೆ ಪಂದ್ಯ ನಿಂತಿದೆ, ಇಲ್ಲವೇ ಆಟಗಾರನಿಗೆ ನಿಷೇಧ. ಪೋರ್ಚುಗೀಸ್‌ನಲ್ಲಿ ನಾಕೌಟ್‌ಗೆ ‘ಮಾತಾ-ಮಾತಾ’, ಅಕ್ಷರಶಃ ಕೊಲ್ಲು-ಕೊಲ್ಲು.

ಬ್ರೆಜಿಲ್ ಇದಕ್ಕೆ ಹೋಲಿಸಿದರೆ ಸರಳ. 20 ತಂಡ, 38 ಸುತ್ತು, ಕೆಳಗಿನ ನಾಲ್ವರು ಔಟ್. ಅಂಕ ಸಮವಾದರೆ ಮೊದಲು ನೋಡುವುದು ಗೋಲು ವ್ಯತ್ಯಾಸವನ್ನಲ್ಲ, ಗೆಲುವಿನ ಸಂಖ್ಯೆಯನ್ನು. ಲೀಗ್ ಜೊತೆಗೆ ರಾಜ್ಯ ಚಾಂಪಿಯನ್‌ಶಿಪ್‌ಗಳೂ ಇವೆ. ಅವುಗಳಿಂದಾಗಿ ದೊಡ್ಡ ಕ್ಲಬ್‌ಗಳು ವರ್ಷಕ್ಕೆ 70ರ ಆಸುಪಾಸು ಪಂದ್ಯ ಆಡಬೇಕಾಗುತ್ತದೆ. ಬುಧವಾರದ ಲಿಬೆರ್ತದೋರೆಸ್‌ಗೆ ಮುಂಚಿನ ಭಾನುವಾರ ಮೀಸಲು ಆಟಗಾರರೇ ತುಂಬಿದ ತಂಡ ಕಂಡರೆ ಗಾಬರಿ ಬೇಡ. ಅದು ಲೆಕ್ಕಾಚಾರ.

ಆದರೆ ದುಡ್ಡಿನ ಕಥೆ ಸರಳವಲ್ಲ, ಅಮೆರಿಕದ ಅಭಿಮಾನಿಗೆ ಅದರಲ್ಲಿ ನೇರ ಪಾತ್ರವೂ ಇದೆ. 2019ರಿಂದ 2025ರವರೆಗಿನ ಏಳೂ ಲಿಬೆರ್ತದೋರೆಸ್ ಬ್ರೆಜಿಲ್‌ಗೇ ಹೋಗಿವೆ, ಅದರಲ್ಲಿ ಐದು ಫೈನಲ್‌ಗಳಲ್ಲಿ ಎರಡೂ ತಂಡ ಬ್ರೆಜಿಲ್‌ನವೇ. 2021ರಲ್ಲಿ ಬಂದ ಕಾನೂನೊಂದು ಕ್ಲಬ್‌ಗಳು ತಮ್ಮ ಫುಟ್‌ಬಾಲ್ ವಿಭಾಗವನ್ನು ಕಂಪನಿಯಾಗಿಸಿ ಮಾರಲು ದಾರಿ ಮಾಡಿತು. 2022ರಲ್ಲಿ ಅಮೆರಿಕದ ಉದ್ಯಮಿ ಜಾನ್ ಟೆಕ್ಸ್ಟರ್ ಬೊಟಾಫೊಗೊವನ್ನು ಕೊಂಡರು. ಅದೇ ವರ್ಷ ಮಯಾಮಿಯ 777 ಪಾರ್ಟ್‌ನರ್ಸ್ ವಾಸ್ಕೊ ದ ಗಾಮಾದ ಬಹುಪಾಲನ್ನು ಕೊಂಡಿತು. ಎರಡು ವರ್ಷದಲ್ಲಿ ಬೊಟಾಫೊಗೊ ಲಿಬೆರ್ತದೋರೆಸ್ ಮತ್ತು ಬ್ರೆಜಿಲ್ ಲೀಗ್ ಎರಡನ್ನೂ ಗೆದ್ದಿತು. ಅದೇ ಎರಡು ವರ್ಷದಲ್ಲಿ ವಾಸ್ಕೊದ ನಿಯಂತ್ರಣವನ್ನು ರಿಯೊದ ನ್ಯಾಯಾಲಯ 777ರ ಕೈಯಿಂದ ಕಿತ್ತುಕೊಂಡಿತು. ಗೆದ್ದ ಕಡೆಯೂ ಎಲ್ಲ ಹಬ್ಬವಾಗಿರಲಿಲ್ಲ. ಕಪ್ ಎತ್ತಿ ಎರಡು ತಿಂಗಳೊಳಗೆ ಕೋಚ್ ಆರ್ತುರ್ ಜೊರ್ಜೆ ಕತಾರ್‌ಗೆ ಹೋದರು, ಆಟಗಾರ ಲೂಯಿಜ್ ಎನ್ರಿಕೆ ರಷ್ಯಾದ ಜೆನಿತ್‌ಗೆ. ಅಟ್ಲಾಂಟಾ ಯುನೈಟೆಡ್‌ನಿಂದ ಬಂದಿದ್ದ ತಿಯಾಗೊ ಅಲ್ಮಾದಾ ಆಗ ಟೆಕ್ಸ್ಟರ್‌ದೇ ಇನ್ನೊಂದು ಕ್ಲಬ್ ಆಗಿದ್ದ ಫ್ರಾನ್ಸ್‌ನ ಲಿಯಾನ್‌ಗೆ.

ಅರ್ಜೆಂಟೀನಾದಲ್ಲಿ ಕ್ಲಬ್ ಇನ್ನೂ ಸದಸ್ಯರ ಸಂಘ. ಅಧ್ಯಕ್ಷ ಹವಿಯೇರ್ ಮಿಲೇ ಸರ್ಕಾರ ಕಂಪನಿ ಮಾದರಿಗೆ ಬಾಗಿಲು ತೆರೆದರೂ ಫೆಡರೇಶನ್ ವಿರೋಧಿಸುತ್ತಲೇ ಇದೆ. 2023ರ ಡಿಸೆಂಬರ್‌ನಲ್ಲಿ ಬೊಕಾ ಜೂನಿಯರ್ಸ್ ಅಧ್ಯಕ್ಷರಾಗಿ ಹುವಾನ್ ರೊಮಾನ್ ರಿಕೆಲ್ಮೆ ಆಯ್ಕೆಯಾದಾಗ ಮತ ಹಾಕಿದ ಸದಸ್ಯರ ಸಂಖ್ಯೆ 40,000ಕ್ಕೂ ಹೆಚ್ಚು. ತಮ್ಮ ಊರಿನ ತಂಡವನ್ನು ಮಾಲೀಕ ಬೇರೆ ಊರಿಗೆ ಎತ್ತಿಕೊಂಡು ಹೋಗುವುದನ್ನು ಕಂಡ ಅಮೆರಿಕನ್ನರಿಗೆ ಆ ಸರದಿ ಸಾಲು ಹೊಟ್ಟೆಕಿಚ್ಚಿನ ದೃಶ್ಯ. 2017ರಲ್ಲಿ ಕೊಲಂಬಸ್ ಕ್ರೂ ತಂಡವನ್ನು ಆಸ್ಟಿನ್‌ಗೆ ಒಯ್ಯುವ ಯತ್ನ ನಡೆದಾಗ ಅಭಿಮಾನಿಗಳ ಕೈಯಲ್ಲಿದ್ದದ್ದು ಘೋಷಣೆ, ಬೀದಿ, ಕೋರ್ಟು ಅಷ್ಟೇ; ಮತಪತ್ರ ಇರಲಿಲ್ಲ. ನನ್ನ ಮಟ್ಟಿಗೆ, ಈ ಖಂಡದಲ್ಲಿ ಕ್ಲಬ್ ಆರಿಸಿಕೊಳ್ಳುವ ಹೊರಗಿನವನು ಕಪ್‌ಗಳನ್ನು ಎಣಿಸುವ ಮೊದಲು ಕ್ಲಬ್ ಯಾರದ್ದು ಎಂದು ಕೇಳಬೇಕು. ಕಪ್ ಬೇಕೇ, ರಿಯೊ ಮತ್ತು ಸಾವೊ ಪಾಲೊ ಇವೆ. ಲನೂಸ್‌ನಂಥ ಬಡಾವಣೆಯ ಕ್ಲಬ್ 2025ರ ಸುದಾಮೆರಿಕಾನಾ ಫೈನಲ್‌ನಲ್ಲಿ ಅಟ್ಲೆಟಿಕೊ ಮಿನೇರೊವನ್ನು ಪೆನಾಲ್ಟಿಯಲ್ಲಿ ಸೋಲಿಸಿದಾಗಿನ ಸಂತೋಷವೇ ಬೇರೆ ತೂಕದ್ದು.

ಹಣಕ್ಕೆ ಇನ್ನೂ ಮಣಿಯದ ಒಂದು ಶಕ್ತಿ ಇದೆ, ಎತ್ತರ. ಕಿಟೊದ ಎಲ್‌ಡಿಯು ಕ್ಲಬ್‌ನ ಕ್ರೀಡಾಂಗಣ ಸುಮಾರು 2,800 ಮೀಟರ್ ಮೇಲಿದೆ, ಲಾ ಪಾಸ್‌ನದ್ದು ಸುಮಾರು 3,600, ಎಲ್ ಆಲ್ಟೊದ್ದು 4,000ಕ್ಕೂ ಹೆಚ್ಚು. ಮುಳ್ಳಯ್ಯನಗಿರಿಯ ತುದಿಯೇ 2,000 ಮೀಟರ್ ಮುಟ್ಟುವುದಿಲ್ಲ. ಕಿಟೊದಲ್ಲಿ ಗಾಳಿಯ ಒತ್ತಡ ಕಾಲು ಭಾಗಕ್ಕಿಂತ ಹೆಚ್ಚು ಕಡಿಮೆ. ಉಸಿರು ಸಾಲದಾಗುವುದು ಎಲ್ಲರಿಗೂ ಗೊತ್ತು. ಪರದೆಯಲ್ಲಿ ಗಮನಿಸಬೇಕಾದದ್ದು ಚೆಂಡನ್ನು. ತೆಳುಗಾಳಿ ಅದನ್ನು ತಡೆಯುವುದೂ ಕಡಿಮೆ, ತಿರುಗಿಸುವುದೂ ಕಡಿಮೆ. ಕರಾವಳಿಯ ಗೋಲ್‌ಕೀಪರ್ ಬಾಗುತ್ತದೆ ಎಂದು ಎಣಿಸಿದ ಚೆಂಡು ನೇರ ಬಂದು ಬೀಳುತ್ತದೆ. ಉದ್ದದ ಪಾಸ್‌ಗಳು ಆಟಗಾರನನ್ನು ದಾಟಿ ಗೆರೆಯಾಚೆ ಹೋಗುತ್ತವೆ. 2025ರ ಸೆಮಿಫೈನಲ್‌ನಲ್ಲಿ ಪಾಲ್ಮೇರಾಸ್ ಕಿಟೊದಲ್ಲಿ 0-3ರಿಂದ ಸೋತಿತು, ಮೂರೂ ಗೋಲು ಮೊದಲರ್ಧದಲ್ಲೇ. ಒಂದು ವಾರದ ನಂತರ ಸಾವೊ ಪಾಲೊದಲ್ಲಿ ಅದೇ ತಂಡ 4-0ರಿಂದ ಗೆದ್ದು ಫೈನಲ್‌ಗೆ ಹೋಯಿತು. ಮೊದಲ ಪಂದ್ಯ ನೋಡಿ ತೀರ್ಪು ಬರೆದವರೆಲ್ಲ ಬೆಪ್ಪಾದರು. ಪರ್ವತದ ಪಂದ್ಯ ಮೊದಲು ಬಂದಿದೆಯೋ ಎರಡನೆಯದೋ ಎಂದು ನೋಡದೆ ಯಾವ ಜೋಡಿಯ ಬಗ್ಗೆಯೂ ಬಾಯಿ ಬಿಡಬಾರದು.

ಜೆರ್ಸಿ ಕೊಳ್ಳುವವರಿಗೆ ಒಂದು ಮಾತು: ಬೆನ್ನ ಮೇಲೆ ಹೆಸರು ಹಾಕಿಸಬೇಡಿ. ಅಂತರರಾಷ್ಟ್ರೀಯ ವರ್ಗಾವಣೆಗೆ 18 ತುಂಬಿರಬೇಕೆಂಬ ನಿಯಮದಿಂದಾಗಿ ಯುರೋಪಿನವರು 16–17ರಲ್ಲೇ ಹುಡುಗರನ್ನು ಕಾಯ್ದಿರಿಸಿ, ಹುಟ್ಟುಹಬ್ಬಕ್ಕೆ ಕಾಯುತ್ತಾರೆ. ರಿವರ್‌ನ ಫ್ರಾಂಕೊ ಮಸ್ತಾಂತುವೊನೊ ರಿಯಲ್ ಮ್ಯಾಡ್ರಿಡ್ ಸೇರಿದ್ದು 2025ರ ಆಗಸ್ಟ್ 14ರಂದು, ಅವನಿಗೆ 18 ತುಂಬಿದ ದಿನ. ಪಾಲ್ಮೇರಾಸ್‌ನ ಎಸ್ತೆವಾವೊ ಫಿಲಡೆಲ್ಫಿಯಾದಲ್ಲಿ ಕ್ಲಬ್ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಚೆಲ್ಸಿ ವಿರುದ್ಧ ಗೋಲು ಹೊಡೆದು, ಅದಾದ ಮೇಲೆ ಚೆಲ್ಸಿಗೇ ಹೋದ. ಯುರೋಪಿನ ಬೇಸಿಗೆ ವರ್ಗಾವಣೆ ಇಲ್ಲಿನ ಋತುವಿನ ನಟ್ಟನಡುವೆ ಬೀಳುತ್ತದೆ. ಏಪ್ರಿಲ್‌ನಲ್ಲಿ ಗುಂಪು ಹಂತ ಆಡಿದ ತಂಡವೇ ಆಗಸ್ಟ್‌ನ ನಾಕೌಟ್‌ನಲ್ಲಿ ಇರುತ್ತದೆ ಅನ್ನುವ ಭರವಸೆ ಇಲ್ಲ.

ಒಮ್ಮೆಯಾದರೂ ಅಲ್ಲಿಗೇ ಹೋಗಿ ನೋಡಬೇಕೆನ್ನುವವರು ವಿಮಾನಕ್ಕಿಂತ ಮೊದಲು ವೇಳಾಪಟ್ಟಿಯ ಸ್ವಭಾವ ತಿಳಿಯಬೇಕು. ಲೀಗ್ ಪಂದ್ಯದ ವಾರ ಮೊದಲೇ ಗೊತ್ತಿರುತ್ತದೆ, ದಿನ ಮತ್ತು ಗಂಟೆ ಖಚಿತವಾಗುವುದು ಕೆಲವೇ ವಾರ ಮೊದಲು. ಶುಕ್ರವಾರದಿಂದ ಸೋಮವಾರ ರಾತ್ರಿಯವರೆಗೆ ಊರಲ್ಲಿರುವಂತೆ ಟಿಕೆಟ್ ಮಾಡಿಸಿ. ಫೈನಲ್‌ಗೆ ಮಾತ್ರ ಹಣ ವಾಪಸ್ ಬರುವ ಬುಕಿಂಗೇ ಬೇಕು. 2018ರಲ್ಲಿ ಬೊಕಾ–ರಿವರ್ ಫೈನಲ್‌ನ ಎರಡನೇ ಪಂದ್ಯ ಬೊಕಾ ಬಸ್ಸಿನ ಮೇಲೆ ಕಲ್ಲು ಬಿದ್ದು ನಿಂತುಹೋಗಿ, ಡಿಸೆಂಬರ್ 9ರಂದು ಮ್ಯಾಡ್ರಿಡ್‌ನಲ್ಲಿ ನಡೆಯಿತು, ಸಾಗರದಾಚೆ. ಮರುವರ್ಷದ ಫೈನಲ್ ಸಾಂತಿಯಾಗೊದಲ್ಲಿ ಎಂದಿತ್ತು. ಚಿಲಿಯಲ್ಲಿ ಪ್ರತಿಭಟನೆ ಎದ್ದು, ಮೂರು ವಾರವೂ ಇಲ್ಲದಿರುವಾಗ ಲಿಮಾಕ್ಕೆ ಸ್ಥಳಾಂತರವಾಯಿತು.

ಬ್ರೆಜಿಲ್‌ಗೆ ಹೋಗಲು ಅಮೆರಿಕದ ಪಾಸ್‌ಪೋರ್ಟ್‌ನವರಿಗೆ 2025ರ ಏಪ್ರಿಲ್ 10ರಿಂದ ಮತ್ತೆ ವೀಸಾ ಬೇಕು, ಆನ್‌ಲೈನ್‌ನಲ್ಲಿ ಸಿಗುತ್ತದೆ. ಎಚ್-1ಬಿಯಲ್ಲಿದ್ದು ಭಾರತದ ಪಾಸ್‌ಪೋರ್ಟ್ ಹಿಡಿದವರು ತಮಗಿರುವ ದಾರಿ ಯಾವುದು ಎಂದು ಕಾನ್ಸುಲೇಟ್‌ನಲ್ಲಿ ಮೊದಲೇ ವಿಚಾರಿಸಬೇಕು. ಅದಕ್ಕೆ ವಾರಗಳು ಬೇಕಾಗಬಹುದು. ನಂತರ ಮುಖದ ಸರದಿ: 20,000ಕ್ಕೂ ಹೆಚ್ಚು ಆಸನವಿರುವ ಕ್ರೀಡಾಂಗಣಗಳಲ್ಲಿ 2025ರ ಜೂನ್‌ನಿಂದ ಪ್ರವೇಶ ಮುಖ ಗುರುತಿನಿಂದ. ಕ್ಲಬ್‌ನ ಟಿಕೆಟ್ ತಾಣದಲ್ಲಿ ಮೊದಲೇ ಫೋಟೊ ನೋಂದಾಯಿಸಬೇಕು. ಎಡವುವುದು ಇಲ್ಲೇ. ಅನೇಕ ತಾಣಗಳು ಬ್ರೆಜಿಲ್‌ನ ತೆರಿಗೆ ಸಂಖ್ಯೆಯಾದ ‘ಸಿಪಿಎಫ್’ ಕೇಳುತ್ತವೆ. ‘ವಿದೇಶಿ’ ಎಂಬ ಆಯ್ಕೆ ಹುಡುಕಿ ಪಾಸ್‌ಪೋರ್ಟ್ ಸಂಖ್ಯೆ ಹಾಕಬೇಕು, ಅದನ್ನು ಪಂದ್ಯದ ದಿನ ಗೇಟಿನ ಬಳಿ ನಿಂತು ಮಾಡಲಾಗದು. ಬೇರೆಯವರ ಹೆಸರಿನ ಟಿಕೆಟ್ ಈಗ ಬರೀ ಕಾಗದ.

ಬ್ಯೂನಸ್ ಐರಿಸ್‌ನಲ್ಲಿ ತೊಡಕು ಬೇರೆ. ಬೊಕಾದ ಲಾ ಬೊಂಬೊನೇರಾದಲ್ಲಿ ಸದಸ್ಯರಿಗೇ ಜಾಗ ಸಾಲದು. ‘ಅಧೆರೆಂತೆ’ ಎಂಬ ಎರಡನೇ ದರ್ಜೆಯ ಸದಸ್ಯರು ವರ್ಷಗಟ್ಟಲೆ ಚಂದಾ ಕಟ್ಟಿ, ಸಕ್ರಿಯ ಸದಸ್ಯರು ಬಿಟ್ಟುಕೊಟ್ಟ ಸ್ಥಳಕ್ಕಾಗಿ ಕಾಯುತ್ತಾರೆ. ಪ್ರವಾಸಿಗಳಿಗೆ ಮಾರುವ ಟಿಕೆಟ್ ಎಂದರೆ ಹೆಚ್ಚಾಗಿ ಯಾರದ್ದೋ ಸದಸ್ಯತ್ವ ಕಾರ್ಡಿನ ಬಾಡಿಗೆ. ಗುರುತಿನ ತಪಾಸಣೆಯಲ್ಲಿ ಹೆಸರು ಹೊಂದದಿದ್ದರೆ ದುಡ್ಡೂ ಹೋಯಿತು, ಪಂದ್ಯವೂ ಹೋಯಿತು. ಇದಕ್ಕಿಂತ ಅರ್ಜೆಂತಿನೋಸ್ ಜೂನಿಯರ್ಸ್‌ಗೆ ಹೋಗಿ. ಮರಡೋನಾ ಮೊದಲು ಆಡಿದ ಕ್ಲಬ್, ಕ್ರೀಡಾಂಗಣಕ್ಕೂ ಅವನದ್ದೇ ಹೆಸರು, ಮೈದಾನದ ಗೆರೆ ಕೈಚಾಚಿದರೆ ಸಿಗುವಷ್ಟು ಹತ್ತಿರ. 2013ರಲ್ಲಿ ಲನೂಸ್ ಅಭಿಮಾನಿಯೊಬ್ಬನ ಸಾವಿನ ನಂತರ ಎದುರಾಳಿ ಬೆಂಬಲಿಗರಿಗೆ ನಿಷೇಧ ಬಂತು, 2025ರಿಂದ ಆಯ್ದ ಪಂದ್ಯಗಳಿಗೆ ಮಾತ್ರ ಸಡಿಲಾಗಿದೆ. ಹಾಗಾಗಿ ಬಣ್ಣದ ಬಗ್ಗೆ ಜೋಕೆ, ಎದುರಾಳಿಯ ಬಣ್ಣದ ಟೋಪಿಯೂ ಬೇಡ. ‘ಪೊಪುಲಾರ್’ ಎಂದರೆ ನಿಂತು ನೋಡುವ ಗೋಲಿನ ಹಿಂಬದಿ, ಡೋಲು, ಬಾವುಟ, ಬಾರ್ರಾ ಬ್ರಾವಾ ಎಂಬ ಉಗ್ರ ಬೆಂಬಲಿಗರ ಗುಂಪುಗಳ ರಾಜ್ಯ. ಮೊದಲ ಸಲ ಹೋದವರು ಕೂರುವ ‘ಪ್ಲಾತೇಯಾ’ ಆರಿಸಿಕೊಳ್ಳುವುದೇ ಕ್ಷೇಮ. ಒಳಗೆ ಸಾಮಾನ್ಯವಾಗಿ ಬಿಯರ್ ಸಿಗುವುದಿಲ್ಲ. ಹೊರಗೆ ಕೆಂಡದ ಮೇಲೆ ಸುಟ್ಟ ಸಾಸೇಜನ್ನು ಬ್ರೆಡ್ಡಿನಲ್ಲಿಟ್ಟ ಚೊರಿಪಾನ್ ಸಿಗುತ್ತದೆ, ಸಸ್ಯಾಹಾರಿಗಳಿಗೆ ಅದರ ಹೊಗೆ ಮಾತ್ರ.

ಹೋಗಲಾಗದವರ ಬಳಿಗೆ ಕ್ಲಬ್‌ಗಳೇ ಬಂದದ್ದೂ ಉಂಟು. 2025ರ ಕ್ಲಬ್ ವಿಶ್ವಕಪ್‌ಗೆ ಬೊಕಾ, ರಿವರ್, ಫ್ಲಮೆಂಗೊ, ಪಾಲ್ಮೇರಾಸ್, ಫ್ಲುಮಿನೆನ್ಸೆ, ಬೊಟಾಫೊಗೊ ಆರೂ ಅಮೆರಿಕಕ್ಕೆ ಬಂದವು. ಪಸಡೀನಾದ ರೋಸ್ ಬೋಲ್‌ನಲ್ಲಿ ಬೊಟಾಫೊಗೊ ಯುರೋಪ್ ಚಾಂಪಿಯನ್ ಪಿಎಸ್‌ಜಿಯನ್ನು 1-0ರಿಂದ ಸೋಲಿಸಿತು, ಮರುದಿನ ಫಿಲಡೆಲ್ಫಿಯಾದಲ್ಲಿ ಫ್ಲಮೆಂಗೊ ಚೆಲ್ಸಿಯನ್ನು 3-1ರಿಂದ. ಅಮೆರಿಕದ ದೊಡ್ಡ ನಗರಗಳಲ್ಲಿ ಈ ಕ್ಲಬ್‌ಗಳ ಬೆಂಬಲಿಗರ ಕೂಟಗಳಿವೆ: ಬೊಕಾದವರು ‘ಪೆನ್ಯಾ’ ಅನ್ನುತ್ತಾರೆ, ರಿವರ್‌ನವರು ‘ಫಿಲಿಯಾಲ್’, ಫ್ಲಮೆಂಗೊದವರು ‘ರಾಯಭಾರ ಕಚೇರಿ’ ಎಂದೇ ಹೆಸರಿಟ್ಟಿದ್ದಾರೆ. ಯಾವ ಬಾರಿನಲ್ಲಿ ಸೇರುತ್ತಾರೆ ಎಂದು ತಿಳಿದು, ಪಂದ್ಯಕ್ಕೆ ಅರ್ಧ ಗಂಟೆ ಮೊದಲು ಹೋಗಿ, ಸುಮ್ಮನೆ ಹಿಂದಿನ ಸಾಲಿನಲ್ಲಿ ನಿಂತರೆ ಹಾಡುಗಳು ತಾವಾಗಿ ಬಾಯಿಗೆ ಬರುತ್ತವೆ.

ಈ ನಂಟಿಗೆ ಹಳೆಯ ಬೇರೂ ಇದೆ. ಬೆಂಗಳೂರಿನ ಗೌತಮಪುರದಲ್ಲಿ ಪ್ರತಿಮೆಯಾಗಿ ನಿಂತಿರುವ ಪೆಲೆ 1975ರಲ್ಲಿ ನ್ಯೂಯಾರ್ಕ್ ಕಾಸ್ಮೋಸ್ ಸೇರಿದರು. 1977ರ ಅಕ್ಟೋಬರ್ 1ರಂದು ನ್ಯೂಜೆರ್ಸಿಯ ಜೈಂಟ್ಸ್ ಸ್ಟೇಡಿಯಂನಲ್ಲಿ ಅವರ ಕೊನೆಯ ಪಂದ್ಯ, ಕಾಸ್ಮೋಸ್ ಮತ್ತು ಸಾಂಟೋಸ್ ನಡುವೆ. ಮೊದಲರ್ಧ ಕಾಸ್ಮೋಸ್ ಪರ ಆಡಿ ಒಂದು ಗೋಲು ಹೊಡೆದರು. ವಿರಾಮದಲ್ಲಿ ಜೆರ್ಸಿ ಬದಲಿಸಿ ಸಾಂಟೋಸ್‌ನ ಬಿಳಿಯಲ್ಲಿ ಇಳಿದರು. ಆ ಸಾಂಟೋಸ್ 2023ರಲ್ಲಿ ತನ್ನ ಚರಿತ್ರೆಯಲ್ಲಿ ಮೊದಲ ಬಾರಿಗೆ ಎರಡನೇ ಡಿವಿಷನ್‌ಗೆ ಬಿದ್ದು, ಮರುವರ್ಷವೇ ಮೇಲೆ ಬಂತು.

ಎಂಎಲ್‌ಎಸ್ ಇದುವರೆಗೆ ದಕ್ಷಿಣ ಅಮೆರಿಕದ ಹಾಗೆಯೇ ಫೆಬ್ರವರಿಯಲ್ಲಿ ಶುರುವಾಗಿ ಡಿಸೆಂಬರ್‌ಗೆ ಮುಗಿಯುತ್ತಿತ್ತು. ಎರಡನ್ನೂ ನೋಡುವವರಿಗೆ ಒಂದೇ ಕ್ಯಾಲೆಂಡರ್ ಸಾಕಾಗುತ್ತಿತ್ತು. 2027ರ ಮಧ್ಯದಿಂದ ಅದು ಯುರೋಪಿನ ಋತುವಿಗೆ ಹೊರಳುತ್ತಿದೆ. ಅಲ್ಲಿಂದಾಚೆಗೆ ಎಂಎಲ್‌ಎಸ್ ಚಳಿಗಾಲದ ವಿರಾಮದಲ್ಲಿರುವಾಗಲೇ ರಿಯೊದಲ್ಲಿ ರಾಜ್ಯ ಚಾಂಪಿಯನ್‌ಶಿಪ್ ಶುರುವಾಗಿರುತ್ತದೆ, ಮತ್ತು ಫೆಬ್ರವರಿಯ ಯಾವುದೋ ಮಂಗಳವಾರ ಲಿಬೆರ್ತದೋರೆಸ್‌ನ ಮೊದಲ ಸುತ್ತು. ಆಗ ನೆನಪಿರಲಿ, ಬ್ಯೂನಸ್ ಐರಿಸ್ ನ್ಯೂಯಾರ್ಕ್‌ಗಿಂತ ಎರಡು ಗಂಟೆ ಮುಂದೆ. 9:30ರ ಪಂದ್ಯ 7:30ಕ್ಕೆ.